ಹಿಮವಿಲ್ಲದ ಊರಿನ ಚಳಿಗಾಲದ ಚಿತ್ರಗಳು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ಪ್ಯಾಸೆಂಜರ್ ಗಾಡಿ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ. ನಿಜಾಮರ ಆಳ್ವಿಕೆಯಲ್ಲಿ, 1874ರಲ್ಲಿ, ಸಂಚಾರಕ್ಕೆ ತೆರೆದ ಹಳೆಯ ಮಾರ್ಗವಿದು. ಡಿಸೆಂಬರಿನ ನಸುಕಿನಲ್ಲಿ ಅಲ್ಲಿ ಇಳಿದವರಿಗೆ ಮೊದಲು ಕಾಣುವುದು ಬೆಳ್ಳನೆಯ ಮಂಜು. ಆ ಮಂಜಿನ ಮೇಲೆ ನಿಂತ ಹಾಗೆ ಒಂದು ಚಿಮಣಿ. ಕೆಳಗೆ ಎಲ್ಲೋ ಸಿಮೆಂಟ್ ಕಾರ್ಖಾನೆಯ ಸದ್ದು. ಅದರ ಮಗ್ಗುಲಿಗೇ, ಕಾರ್ಖಾನೆಯ ಜೊತೆ ಹುಟ್ಟಿ ಬೆಳೆದ ಕಾಲೋನಿ. ಅದೇ ನಮ್ಮ ಆದಿತ್ಯನಗರ.

"ಅಲ್ಲೇನ್ ಅದರಿ ನೋಡಲಿಕ್ಕ?" ಎಂದು ಕಲಬುರಗಿಯ ಗೆಳೆಯರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಜಲಪಾತವಿಲ್ಲ, ಕಡಲಿಲ್ಲ, ಗಿರಿಧಾಮವಿಲ್ಲ. ಆದರೂ ಹತ್ತು ವರ್ಷಗಳಿಂದ ಪ್ರತಿ ಚಳಿಗಾಲದ ರವಿವಾರ ಬೆಳಿಗ್ಗೆ, ಪೋಸ್ಟ್‌ಕಾರ್ಡಿನಷ್ಟು ಅಗಲದ ಹಲಗೆ ಮತ್ತು ನಾಲ್ಕು ಟ್ಯೂಬ್ ಎಣ್ಣೆಬಣ್ಣ ಹಿಡಿದು ನಾನು ಈ ಸುತ್ತಿನ ಹೊಲಗಳಲ್ಲಿ ಕೂರುತ್ತ ಬಂದಿದ್ದೇನೆ. ನಾನು ಚಿತ್ರಕಲೆ ಓದಿದವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಈ ಪುಟ್ಟ ಹಲಗೆಗಳು ನನಗೆ ಕಲಿಸಿದ್ದನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಹೇಳಬೇಕೆನಿಸಿ ಈ ಬರಹ.

ಇದು ಶುರುವಾದದ್ದು ಒಂದು ಖಾಲಿ ಪಿರಿಯಡ್ಡಿನಿಂದ. ಡ್ರಾಯಿಂಗ್ ಮಾಸ್ತರರು ರಜೆಯಲ್ಲಿದ್ದರು, ಅವರ ತರಗತಿ ನನ್ನ ಪಾಲಿಗೆ ಬಂತು. "ನಮ್ಮೂರಿನ ಚಳಿಗಾಲದ ದೃಶ್ಯ ಬರೆಯಿರಿ" ಎಂದು ಹೇಳಿ ಕುರ್ಚಿಯಲ್ಲಿ ಕೂತೆ. ಗಂಟೆ ಹೊಡೆದಾಗ ನಲವತ್ತಕ್ಕೂ ಹೆಚ್ಚು ಚಿತ್ರಗಳು ಮೇಜಿನ ಮೇಲೆ ಬಂದು ಬಿದ್ದವು. ಹೆಚ್ಚುಕಡಿಮೆ ಎಲ್ಲದರಲ್ಲೂ ಎರಡು ಮೊನಚು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿದ ನೀಲಿ ಹೊಳೆ, ದಂಡೆಗೆ ತೆಂಗಿನ ಮರ, ಕೆಂಪು ಹೆಂಚಿನ ಮನೆ. ಚಳಿಗಾಲ ಎಂದು ನಾನು ಹೇಳಿದ್ದಕ್ಕೆ ಕೆಲವರು ಗುಡ್ಡದ ತುದಿಗೆ ಹಿಮವನ್ನೂ ಬಳಿದಿದ್ದರು. ಕಿಟಕಿಯ ಆಚೆ ನೋಡಿದೆ. ಕಣ್ಣು ಹಾಯುವಷ್ಟು ದೂರ ಮಟ್ಟಸ ನೆಲ, ತೊಗರಿ ಹೊಲ, ಶಹಾಬಾದ್ ಕಲ್ಲು ಹೊದಿಸಿದ ಚಪ್ಪಟೆ ಮಾಳಿಗೆಗಳು. ಚಿತ್ರದಲ್ಲಿದ್ದ ಒಂದು ವಸ್ತುವೂ ಹೊರಗಿರಲಿಲ್ಲ. ಹೊರಗಿದ್ದ ಒಂದು ವಸ್ತುವೂ ಚಿತ್ರದಲ್ಲಿರಲಿಲ್ಲ.

ಅಂದು ಸಂಜೆ ಅದೇ ಮಕ್ಕಳ ವಿಜ್ಞಾನದ ಜರ್ನಲ್ ತಿದ್ದಲು ಕೂತೆ. ಗಾಜಿನ ಇಟ್ಟಿಗೆಯಲ್ಲಿ ಬೆಳಕಿನ ವಕ್ರೀಭವನದ ಪ್ರಯೋಗ. ಪತನಕೋನ 30 ಡಿಗ್ರಿ ಇದ್ದಾಗ ವಕ್ರೀಭವನ ಕೋನ ಎಲ್ಲರದೂ 19.5. ಒಬ್ಬರದೂ 19 ಇಲ್ಲ, 21 ಇಲ್ಲ. ಗುಂಡುಸೂಜಿ ನೆಟ್ಟು ಕೋನಮಾಪಕದಿಂದ ಅಳೆದರೆ ಇಷ್ಟೊಂದು ಒಮ್ಮತ ಬರಲು ಸಾಧ್ಯವಿಲ್ಲ. ಯಾರೋ ಒಬ್ಬ ಜಾಣ ಲೆಕ್ಕ ಹಾಕಿದ್ದ, ಉಳಿದವರು ನಕಲು ಮಾಡಿದ್ದರು.

ಬೈಯಲು ನನಗೆ ಬಾಯಿ ಬರಲಿಲ್ಲ. ಬಿ.ಎಸ್ಸಿ. ಓದುವಾಗ ಲೋಲಕದ ಪ್ರಯೋಗದಲ್ಲಿ ಮೊದಲು ಉತ್ತರ ಬರೆದುಕೊಂಡು, ಅದಕ್ಕೆ ಹೊಂದುವಂತೆ ಹಿಂದಿನಿಂದ ಲೆಕ್ಕ ಮಾಡಿ ಸೆಕೆಂಡುಗಳನ್ನು ತುಂಬಿದವನು ನಾನು. ಗುರುತ್ವ ವೇಗೋತ್ಕರ್ಷ 981 ಎಂದು ಪುಸ್ತಕ ಹೇಳಿತ್ತು; ನನಗೂ ಸರಿಯಾಗಿ 981 ಬಂತು. ಎಷ್ಟೋ ವರ್ಷಗಳ ಮೇಲೆ ಒಂದು ವಿಷಯ ತಿಳಿಯಿತು. ಭೂಮಿ ಪೂರ್ತಿ ಗುಂಡಗಿಲ್ಲ, ಮೇಲಾಗಿ ತಿರುಗುತ್ತಲೂ ಇದೆ. ಆದ್ದರಿಂದ ಈ ಬೆಲೆ ಧ್ರುವಗಳ ಕಡೆ ಹೆಚ್ಚು, ಸಮಭಾಜಕದ ಕಡೆ ಕಡಿಮೆ. 981 ಎಂಬುದು ಪ್ಯಾರಿಸ್ಸಿನ ಅಕ್ಷಾಂಶದ ಊರುಗಳಿಗೆ ಸಲ್ಲುವ ಬೆಲೆ. ಹದಿನೇಳು ಡಿಗ್ರಿ ಅಕ್ಷಾಂಶದ ನಮ್ಮ ಸೇಡಂ ಸೀಮೆಯಲ್ಲಿ ಅದು 978ರ ಆಸುಪಾಸು. ಅಂದರೆ ನಾನು ಇದೇ ಜಿಲ್ಲೆಯಲ್ಲಿ ಕೂತು ಪ್ಯಾರಿಸ್ಸಿನ ಉತ್ತರ ಬರೆದಿದ್ದೆ. ನನ್ನ ಮಕ್ಕಳು ಬೇರೆಯವರ ಗುಡ್ಡ ಬರೆದರೆ ಆಶ್ಚರ್ಯವೇನು?

ಮುಂದಿನ ವಾರ ಕಲಬುರಗಿಗೆ ಹೋದಾಗ ಎಣ್ಣೆಬಣ್ಣದ ನಾಲ್ಕು ಟ್ಯೂಬ್ ಕೊಂಡೆ. ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ದೇವದೇವಿಯರ ಚಿತ್ರಗಳು ಕ್ಯಾಲೆಂಡರುಗಳಾಗಿ ದೇಶದ ಮನೆಮನೆಗೆ ಹೋದವು. ಅವರ ಹೆಸರಿನ ರಂಗಮಂದಿರ ಊರಿನಲ್ಲಿದೆ. ಅಂಥ ಕೈ ನನ್ನದಲ್ಲವೆಂದು ಗೊತ್ತಿತ್ತು. ನನಗೆ ಬೇಕಾಗಿದ್ದುದು ಇಷ್ಟೇ: ನಾನು ದಿನಾ ನೋಡುವ ನೆಲವನ್ನು ಒಮ್ಮೆಯಾದರೂ ನಿಜವಾಗಿ ನೋಡಬೇಕು.

ಎಣ್ಣೆಬಣ್ಣವೇ ಏಕೆ? ನಮ್ಮ ಒಣಗಾಳಿಯಲ್ಲಿ ಜಲವರ್ಣ ಕುಂಚ ಎತ್ತುವುದರೊಳಗೆ ಆರಿಹೋಗುತ್ತದೆ. ಎಣ್ಣೆಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ತಪ್ಪಿದರೆ ಬಟ್ಟೆಯಿಂದ ಒರೆಸಿ ಮತ್ತೆ ಹಚ್ಚಬಹುದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಬಣ್ಣ ಹೊರಗೆ ಒಯ್ಯುವುದೂ ಸುಲಭ. ಅಮೆರಿಕದ ಚಿತ್ರಕಾರ ಜಾನ್ ರ್‍ಯಾಂಡ್ 1841ರಲ್ಲಿ ತವರದ ಟ್ಯೂಬಿಗೆ ಪೇಟೆಂಟ್ ಪಡೆಯುವ ಮೊದಲು ಕಲಾವಿದರು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರಂತೆ. ಟ್ಯೂಬ್ ಬಂದ ಮೇಲೆ ಚಿತ್ರಕಾರರು ಹೊಲಗದ್ದೆಗೆ ಹೋಗಿ ಕೂರುವುದು ಸಲೀಸಾಯಿತು.

ಹಲಗೆ ಸಣ್ಣದಿರುವುದಕ್ಕೂ ಕಾರಣವಿದೆ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 6-45ಕ್ಕೆ. ಎಂಟರ ಹೊತ್ತಿಗೆ ಮಂಜು ಹರಿದು ಬಣ್ಣಗಳೆಲ್ಲ ಬದಲಾಗಿರುತ್ತವೆ. ಕೈಗೆ ಸಿಗುವುದು ಒಂದು ಗಂಟೆ. ಅಷ್ಟರಲ್ಲಿ ಮುಗಿಯುವುದು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಹಲಗೆ ಮಾತ್ರ. ಬಡಿಗೇರರಿಂದ ಹಾರ್ಡ್‌ಬೋರ್ಡ್ ಕತ್ತರಿಸಿ ತಂದು ಎರಡು ಸಲ ಪ್ರೈಮರ್ ಹಚ್ಚುತ್ತೇನೆ. ಅದು ಒಣಗಿದ ಮೇಲೆ ಮಣ್ಣಿನ ಬಣ್ಣವನ್ನು ತೆಳ್ಳಗೆ ಸವರಿ ಬಿಳುಪನ್ನು ಮುರಿಯುತ್ತೇನೆ. ಬಿಳಿ ಹಲಗೆಯ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುತ್ತದೆ. ನಡುವಣ ಬಣ್ಣದ ಮೇಲೆ ಇಟ್ಟರೆ ಬೆಳಕು ಯಾವುದು, ನೆರಳು ಯಾವುದು ಎಂದು ತಿಳಿಯುತ್ತದೆ. ಬಣ್ಣ ಕಲೆಸಲು ಪಾಲಿಶ್ ಮಾಡಿದ ಶಹಾಬಾದ್ ಫರಸಿಯ ಅಂಗೈಯಗಲದ ತುಂಡು. ಅದರ ಬೂದುಬಣ್ಣವೂ ಇದಕ್ಕೆ ಹೇಳಿಮಾಡಿಸಿದಂತಿದೆ. ಬರೆದ ಹಲಗೆಯನ್ನು ಮನೆಗೆ ತರುವಾಗ ಅದರ ನಾಲ್ಕು ಮೂಲೆಗೆ ಬೆಂಕಿಕಡ್ಡಿಯ ಚೂರು ಇಟ್ಟು, ಮೇಲೊಂದು ಖಾಲಿ ಹಲಗೆ ಮುಚ್ಚಿ ರಬ್ಬರ್ ಬ್ಯಾಂಡ್ ಹಾಕಿದರಾಯಿತು. ಹಸಿ ಬಣ್ಣ ಅಳಿಸುವುದಿಲ್ಲ.

ಮೊದಲ ಚಳಿಗಾಲದಲ್ಲಿ ಬರೆದದ್ದೆಲ್ಲ ರಾಡಿಯಾಯಿತು. ಎರಿ ಹೊಲ ಕಪ್ಪು ಎಂದು ಕಪ್ಪು ಬಣ್ಣ ಹಚ್ಚಿದೆ; ನೆಲದಲ್ಲಿ ತೂತು ಬಿದ್ದಂತೆ ಕಂಡಿತು. ಮಂಜು ಬಿಳಿ ಎಂದು ಎಲ್ಲದಕ್ಕೂ ಬಿಳಿ ಬೆರೆಸಿದೆ; ಸುಣ್ಣ ಬಳಿದ ಗೋಡೆಯಾಯಿತು. ಆಗ ಕಪ್ಪು ಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದೆ. ಈಗ ನನ್ನ ಬಳಿ ಇರುವುದು ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಅಲ್ಟ್ರಾಮರೀನ್ ಬ್ಲೂ, ಈ ನಾಲ್ಕೇ. ನೀಲಿಗೆ ಸಿಯೆನ್ನಾದ ಕಂದು ಬೆರೆಸಿದರೆ ಎರಿಮಣ್ಣು ಬರುತ್ತದೆ. ಬೆಳಗಿನ ಇಬ್ಬನಿ ಬಿದ್ದಾಗ ಅದು ನೇರಳೆಯ ಕಡೆ ವಾಲುತ್ತದೆ, ಬಿಸಿಲು ಏರಿದಾಗ ಕಂದಿನ ಕಡೆ. ನಾನು ಹುಟ್ಟಿದಾಗಿನಿಂದ ತುಳಿದ ಮಣ್ಣಿನ ಬಣ್ಣ ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಎರಡನೆಯ ಪಾಠ ನೆರಳಿನದು. ಶಹಾಬಾದ್, ವಾಡಿ, ಚಿತ್ತಾಪುರದ ರಸ್ತೆಗಳ ಬದಿಯಲ್ಲಿ ಗಣಿಯಿಂದ ತೆಗೆದ ಫರಸಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅದು ಐವತ್ತು ಕೋಟಿ ವರ್ಷಗಳಿಗೂ ಹಳೆಯ ಸುಣ್ಣಕಲ್ಲು. ನಮ್ಮ ಎರಿಮಣ್ಣಿಗೆ ಮೂಲವಾದ ದಖ್ಖನ್ನಿನ ಲಾವಾ ಹರಿದದ್ದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಹೀಗೆ ಕೆಳಗೆ ಬಿಳಿ, ಮೇಲೆ ಕಪ್ಪು ನಮ್ಮ ನೆಲ. ಒಂದು ಬೆಳಿಗ್ಗೆ ಆ ಫರಸಿಯ ಸಾಲಿನ ಮುಂದೆ ಕೂತಿದ್ದಾಗ ಅವುಗಳ ನೆರಳು ನೀಲಿಯಾಗಿ ಕಂಡಿತು. ಕಣ್ಣುಜ್ಜಿ ನೋಡಿದೆ, ನೀಲಿಯೇ. ವಿಜ್ಞಾನದ ಮಾಸ್ತರನಾಗಿ ನನಗೆ ಮೊದಲೇ ಹೊಳೆಯಬೇಕಿತ್ತು. ನೆರಳಿನ ಜಾಗಕ್ಕೆ ಸೂರ್ಯನ ನೇರ ಬೆಳಕು ತಲುಪುವುದಿಲ್ಲ, ಆದರೆ ನೀಲಿ ಆಕಾಶದ ಬೆಳಕು ತಲುಪುತ್ತದೆ. ನೆಲ ಬಿಳಿಯಾಗಿದ್ದಷ್ಟೂ ಆ ನೀಲಿ ಎದ್ದು ಕಾಣುತ್ತದೆ. ಫ್ರಾನ್ಸಿನ ಕ್ಲೋಡ್ ಮೊನೆ 1868–69ರ ಚಳಿಗಾಲದಲ್ಲಿ ಹಿಮದ ಮೇಲೆ ಬಿದ್ದ ಬೇಲಿಯ ನೆರಳನ್ನು ನೀಲಿಯಾಗಿ ಬರೆದ. 'ಮ್ಯಾಗ್‌ಪೈ' ಎಂಬ ಆ ಚಿತ್ರವನ್ನು ಪ್ಯಾರಿಸ್ಸಿನ ಸರಕಾರಿ ಪ್ರದರ್ಶನ ತಿರಸ್ಕರಿಸಿತು. ಇಂದು ಅದು ಅದೇ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ನಮ್ಮಲ್ಲಿ ಹಿಮವಿಲ್ಲ. ಆದರೆ ಮೊನೆ ಹಿಮದ ಮೇಲೆ ಕಂಡದ್ದು ನಮಗೆ ಸುಣ್ಣಕಲ್ಲಿನ ಮೇಲೆ ಕಾಣುತ್ತದೆ. ಹಿಮ ಬರೆಯಲು ಗುಡ್ಡದ ತುದಿಗೇ ಹೋಗಬೇಕಿಲ್ಲ.

ಮೂರನೆಯದು ದೂರದ ಪಾಠ. ಹತ್ತಿರದ ತೊಗರಿ ಗಿಡದ ಎಲೆ, ಕಾಯಿ ಬಿಡಿಬಿಡಿಯಾಗಿ ಕಾಣುತ್ತವೆ, ನೂರು ಮಾರು ಆಚೆಗೆ ಅವು ಒಂದೇ ಹಸಿರು ಪಟ್ಟಿ, ಅದರಾಚೆ ಬೂದು, ಕೊನೆಗೆ ಆಕಾಶದ್ದೇ ಬಣ್ಣ. ನಮಗೂ ದೂರದ ವಸ್ತುವಿಗೂ ನಡುವೆ ಇರುವ ಗಾಳಿ ಮತ್ತು ಹನಿಗಳು ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಅಂಥ ಕಡೆ ಎಲೆ ಎಲೆ ಬರೆಯಲು ಹೋದರೆ ಚಿತ್ರ ಕೆಡುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಬೇಕು, ದೊಡ್ಡ ಆಕಾರಗಳನ್ನು ಮೊದಲು ಇಡಬೇಕು. ಗಿಡದ ಎಲೆಯೆಂದು ನನಗೆ ಗೊತ್ತಿದೆ, ಆದರೆ ಕಾಣುತ್ತಿಲ್ಲ. ಕಾಣದ್ದನ್ನು ಬರೆಯಬಾರದು.

ಇದನ್ನೆಲ್ಲ ತರಗತಿಗೆ ತಂದೆ. ಡಿಸೆಂಬರ್ 22ರಂದು ಮಧ್ಯಾಹ್ನ ಒಂದು ಮೀಟರಿನ ಕೋಲು ನೆಟ್ಟು ನೆರಳು ಅಳೆಯಿಸಿದೆ. ಆ ದಿನ ನಮ್ಮಲ್ಲಿ ನಡುಹಗಲಿನ ಸೂರ್ಯ ಕೇವಲ 49 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ಸುಮಾರು 86 ಸೆಂಟಿಮೀಟರ್. ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಅದು ಅತಿ ಗಿಡ್ಡವಾಗುತ್ತದೆ. ಮೇ ಎರಡನೆಯ ವಾರದಲ್ಲಿ ಅದೇ ಕೋಲಿಗೆ ನೆರಳೇ ಇಲ್ಲದ ದಿನ ಬರುತ್ತದೆ. ಚಳಿಗಾಲದಲ್ಲಿ ಹೊಲ ಏಕೆ ಅಷ್ಟು ಚೆಂದ ಕಾಣುತ್ತದೆಂಬುದಕ್ಕೆ ಈ 86 ಸೆಂಟಿಮೀಟರಿನಲ್ಲಿ ಉತ್ತರವಿದೆ: ಬೆಳಕು ಇಡೀ ದಿನ ಓರೆಯಾಗಿ ಬೀಳುತ್ತದೆ, ಪ್ರತಿ ಹೆಂಟೆಗೂ ನೆರಳಿರುತ್ತದೆ.

ಇನ್ನೊಂದು ಸಂಗತಿ ನನಗೇ ಬೆರಗು ತಂದದ್ದು. ಎಣ್ಣೆಬಣ್ಣದಲ್ಲಿರುವ ಎಣ್ಣೆ ಯಾವುದು? ಬಹುಪಾಲು ಅಗಸೆ ಎಣ್ಣೆ. ಕೆಲವು ಬಿಳಿ ಬಣ್ಣಗಳಲ್ಲಿ ಕುಸುಬೆ ಎಣ್ಣೆ, ಏಕೆಂದರೆ ಅದು ಅಗಸೆಯಷ್ಟು ಹಳದಿಗೆ ತಿರುಗುವುದಿಲ್ಲ. ಅಗಸಿ, ಕುಸುಬಿ ಎರಡೂ ನಮ್ಮ ಹಿಂಗಾರಿಯ ಬೆಳೆಗಳು! ರೊಟ್ಟಿಯ ಜೊತೆ ಅಗಸಿ ಹಿಂಡಿ ತಿನ್ನುತ್ತ ಬೆಳೆದ ನಾನು ಯುರೋಪಿನ ಚಿತ್ರಗಳು ಅದೇ ಕಾಳಿನ ಎಣ್ಣೆಯಲ್ಲಿ ನಿಂತಿವೆಯೆಂದು ಅರಿತಿರಲಿಲ್ಲ. ಮನೆಯಲ್ಲೇ ಮಾಡಬಹುದಾದ ಪ್ರಯೋಗ ಇದು: ಮೂರು ಗಾಜಿನ ಪಟ್ಟಿಗಳ ಮೇಲೆ ಅಗಸೆ, ಕುಸುಬೆ, ಶೇಂಗಾ ಎಣ್ಣೆ ಒಂದೊಂದು ಹನಿ ತೆಳ್ಳಗೆ ಸವರಿ, ಬೆಳಕಿರುವ ಕಿಟಕಿಯಲ್ಲಿಟ್ಟು ದಿನಾ ಮುಟ್ಟಿ ನೋಡಿ. ಅಗಸೆ ಮೊದಲು ಗಟ್ಟಿ ಪೊರೆಯಾಗುತ್ತದೆ, ಕುಸುಬೆ ತಡವಾಗಿ, ಶೇಂಗಾ ಜಿಡ್ಡಾಗಿಯೇ ಉಳಿಯುತ್ತದೆ. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಚಳಿಯಲ್ಲಿ ಈ ಕ್ರಿಯೆ ನಿಧಾನ. ಹಲವು ಪದರ ಹಚ್ಚುವವರು ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇಡುವುದು ಇದಕ್ಕೇ. ಇಲ್ಲದಿದ್ದರೆ ಮೇಲ್ಪದರ ಬಿರುಕು ಬಿಡುತ್ತದೆ.

ಪಾಲಕರಿಗೆ ಒಂದು ಎಚ್ಚರಿಕೆ. ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಕಲ್ಲಿನ ಮೇಲೆ ಬಿಡಿಸಿ ಒಣಗಿಸಬೇಕು, ಅಥವಾ ನೀರಿನಲ್ಲಿ ನೆನೆಸಿಡಬೇಕು. ಮಕ್ಕಳ ಕೈಗೆ ಟರ್ಪೆಂಟೈನ್ ಕೊಡಬೇಡಿ. ಕುಂಚ ತೊಳೆಯಲು ಅಡುಗೆ ಎಣ್ಣೆ, ಆಮೇಲೆ ಸೋಪು ಸಾಕು. ಸೀಸ, ಕ್ಯಾಡ್ಮಿಯಂ ಇರುವ ಬಣ್ಣಗಳೂ ಮಕ್ಕಳಿಗೆ ಬೇಡ.

ಇಷ್ಟೆಲ್ಲ ಕಲಿತೆನೆಂದು ಬೀಗುತ್ತಿದ್ದ ನಾನು ಒಂದು ಸುಳ್ಳನ್ನು ಮೂರು ಚಳಿಗಾಲ ಬರೆಯುತ್ತಲೇ ಇದ್ದೆ. ನನಗೆ ಪ್ರಿಯವಾದ ಜಾಗ ಮಳಖೇಡ. ಅಮೋಘವರ್ಷನ ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 'ಕವಿರಾಜಮಾರ್ಗ' ಹುಟ್ಟಿದ್ದು ಆ ಅರಸನ ಆಸ್ಥಾನದಲ್ಲಿ. ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದೂ ಅವನ ಕಾಲದಲ್ಲೇ. ಕಾಗಿಣಾ ದಂಡೆಯ ಕೋಟೆಯ ಗೋಡೆ ಬೆಳಗಿನ ಬಿಸಿಲಿಗೆ ಬೆಲ್ಲದ ಬಣ್ಣ ತಾಳುತ್ತದೆ. ಅದನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಆದರೆ ಆದಿತ್ಯನಗರದ ಹೊಲಗಳಲ್ಲಿ ಕೂತಾಗಲೂ ಚಿಮಣಿ ಚೌಕಟ್ಟಿನೊಳಗೆ ಬಾರದ ಹಾಗೆ ತಿರುಗಿ ಕೂರುತ್ತಿದ್ದೆ. ಬಂದರೆ ಬಿಟ್ಟು ಬರೆಯುತ್ತಿದ್ದೆ. ಅದು ಇದ್ದರೆ ಚಿತ್ರದ ಅಂದ ಕೆಡುತ್ತದೆಂದು ನನ್ನ ಭಾವನೆ.

ಒಂದು ಎಳ್ಳಮಾಸಿಯ ದಿನ ವಿದ್ಯಾರ್ಥಿನಿಯೊಬ್ಬಳ ಮನೆಯವರು ತಮ್ಮ ಹೊಲಕ್ಕೆ ಕರೆದಿದ್ದರು. ಈ ಹಬ್ಬ ನಮ್ಮ ಭಾಗದ ಚಳಿಗಾಲದ ಜೀವ. ಸಜ್ಜಿ ರೊಟ್ಟಿ, ಬಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಭೂಮಿತಾಯಿಗೆ ಚರಗ ಚೆಲ್ಲಿ ಅಲ್ಲೇ ಊಟ ಮಾಡುತ್ತದೆ. ಹೊಡೆಯಲ್ಲಿದ್ದ ಬಿಳಿಜೋಳದ ನಡುವೆ ಕೂತು ನಾನು ಒಂದು ಹಲಗೆ ಬರೆದೆ. ಒಂಬತ್ತನೆಯ ತರಗತಿಯ ಆ ಹುಡುಗಿ ಬಂದು ನೋಡಿದಳು. ಒಮ್ಮೆ ಹಲಗೆ, ಒಮ್ಮೆ ಹೊಲ. ಆಮೇಲೆ ಮೆಲ್ಲಗೆ ಕೇಳಿದಳು, "ಚಿಮಣಿ ಎಲ್ಲಿ ಹೋತ್ರಿ ಸರ್? ನಮ್ಮಪ್ಪ ಅಲ್ಲೇ ಕೆಲಸ ಮಾಡ್ತಾನ."

ನನ್ನ ಬಳಿ ಉತ್ತರವಿರಲಿಲ್ಲ. ಗುಡ್ಡ ಇಲ್ಲದ ಕಡೆ ಗುಡ್ಡ ಬರೆಯುವುದಕ್ಕೂ, ಇರುವ ಚಿಮಣಿಯನ್ನು ಅಳಿಸುವುದಕ್ಕೂ ವ್ಯತ್ಯಾಸವೇನು? ಅವಳ ಮನೆಯ ಅನ್ನ ಇದ್ದ ಜಾಗವನ್ನು ನಾನು ಆಕಾಶದ ಬಣ್ಣದಿಂದ ಮುಚ್ಚಿದ್ದೆ. ಮುಂದಿನ ರವಿವಾರ ನಸುಕಿನಲ್ಲಿ ಹೋಗಿ ಚಿಮಣಿಗೆ ಎದುರಾಗಿ ಕೂತೆ. ಅವಳಿಗೂ ಒಂದು ಹಲಗೆ ಕೊಟ್ಟೆ. ಇಬ್ಬರೂ ಬರೆದೆವು.

ವರ್ಷ ಕಳೆದು ಅವಳು ಹತ್ತನೆಯ ತರಗತಿಗೆ ಬಂದಾಗ ಅವಳ ತಂದೆ ಸಾಲಿಗೆ ಬಂದರು. "ಸರ್, ಈ ವರ್ಷ ಎಸ್ಸೆಸ್ಸೆಲ್ಸಿ ಅದ. ಚಿತ್ರ ತಗೊಂಡು ಏನ್ ಮಾಡ್ತಾಳ್ರಿ? ನೀವೇ ಒಂದ್ ಮಾತ್ ಹೇಳ್ರಿ" ಎಂದರು. ಅವರ ಆತಂಕ ನ್ಯಾಯವಾದದ್ದೇ. ನಾನು ವಾದಿಸದೆ ನನ್ನ ಚಿಮಣಿಯ ಚಿತ್ರವನ್ನು ಕೈಗಿತ್ತೆ. ಬಹಳ ಹೊತ್ತು ನೋಡಿ ಅವರು ತಲೆಯಾಡಿಸಿದರು. "ಇದು ತಪ್ಪಾಗ್ಯದ್ರಿ ಸರ್. ಹೊಗಿ ಹಿಂಗ ನೆಟ್ಟಗ ಮ್ಯಾಲ ಹೋಗಂಗಿಲ್ಲ. ಥಂಡಿ ದಿನದಾಗ ಗಾಳಿ ಮೂಡಲ ಕಡಿಂದ ಬರ್ತದ, ಹೊಗಿ ಪಡುವಲಕ್ಕ ಹೋಗ್ತದ. ಮುಂಜಾನಿ ಹೊತ್ತು ಏರಂಗೇ ಇಲ್ಲ, ಅಡ್ಡ ಮಲಗ್ತದ. ಒಂಬತ್ತು ಗಂಟೆ ಮ್ಯಾಲ ಏಳ್ತದ."

ಪುಸ್ತಕದಲ್ಲಿ ಇದಕ್ಕೆ ತಾಪ ವಿಲೋಮ ಎಂಬ ಹೆಸರಿದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಾಗುತ್ತದೆ; ಹೊಗೆ ಮೇಲೇರದೆ ಪದರವಾಗಿ ಹರಡುತ್ತದೆ. ಬಿಸಿಲು ನೆಲವನ್ನು ಕಾಯಿಸಿದ ಮೇಲೆ ದಾರಿ ತೆರೆಯುತ್ತದೆ. ಇಪ್ಪತ್ತು ವರ್ಷ ಇದನ್ನು ಪಾಠ ಮಾಡಿದ ನಾನು ಹೊಗೆಯನ್ನು ಮಕ್ಕಳ ಚಿತ್ರದ ಹೊಗೆಯ ಹಾಗೆ ನೆಟ್ಟಗೆ ಬರೆದಿದ್ದೆ. ಶಿಫ್ಟಿಗೆ ಹೋಗಿ ಬರುವ ಮನುಷ್ಯ ಅದನ್ನು ಕಣ್ಣಾರೆ ನೋಡಿದ್ದರು. "ಮಗಳ ಚಿತ್ರ ನೋಡ್ರಿ" ಎಂದು ಅವಳ ಹಲಗೆ ತೋರಿಸಿದೆ. ಅದರಲ್ಲಿ ಹೊಗೆ ಅಡ್ಡ ಮಲಗಿತ್ತು, ಪಡುವಲಕ್ಕೆ. ಅವರು ಏನೂ ಮಾತಾಡಲಿಲ್ಲ. ಹೋಗುವಾಗ ಮಾತ್ರ, "ಜನವರಿ ಮುಗಿಯೋತನಕ ರವಿವಾರ ಬರಲಿ ಬಿಡ್ರಿ" ಎಂದರು.

ಪಾಲಕರಲ್ಲಿ ನನ್ನ ಬಿನ್ನಹ ಇಷ್ಟೇ. ಚಿತ್ರದಿಂದ ಅಂಕ ಬರುತ್ತದೆಂದು ನಾನು ಹೇಳಲಾರೆ. ಮಗು ಕಲಾವಿದನಾಗಬೇಕೆಂದೂ ಇಲ್ಲ. ಚಳಿಗಾಲದಲ್ಲಿ ನಾಲ್ಕು ರವಿವಾರ, ಒಂದೊಂದು ಗಂಟೆ, ತಾನು ನಿಂತ ನೆಲವನ್ನು ನೋಡಿ ಬರೆಯಲಿ. ಎಣ್ಣೆಬಣ್ಣ ಇಲ್ಲದಿದ್ದರೆ ಪೆನ್ಸಿಲ್ ಆದೀತು. ಚಿಂಚೋಳಿಯವರಿಗೆ ಕಾಡಿದೆ, ಕೆಂಪು ಮಣ್ಣಿದೆ, ಶಹಾಬಾದಿನವರಿಗೆ ಕಲ್ಲಿದೆ, ವಾಡಿಯವರಿಗೆ ರೈಲು ಹಳಿಗಳಿವೆ. ಮಗು ಬರೆದದ್ದನ್ನು ಹಿಡಿದು ನೀವೂ ಒಮ್ಮೆ ಹೊರಗೆ ನೋಡಿ. ತಪ್ಪಿದ್ದರೆ ಹೇಳಿ. ನಿಮಗೆ ಗೊತ್ತಿರುವುದು ಎಷ್ಟೋ ಸಲ ಮಾಸ್ತರನಿಗೆ ಗೊತ್ತಿರುವುದಿಲ್ಲ.

ಆ ವರ್ಷ ಅವಳ ವಿಜ್ಞಾನದ ಜರ್ನಲ್ ತಿದ್ದುವಾಗ ಅದೇ ಗಾಜಿನ ಇಟ್ಟಿಗೆಯ ಪ್ರಯೋಗ ಬಂತು. ಪತನಕೋನ 30. ವಕ್ರೀಭವನ ಕೋನದ ಎದುರು ಅವಳು ಬರೆದದ್ದು 20.5. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: 'ಎರಡನೆಯ ಸೂಜಿ ಸ್ವಲ್ಪ ವಾಲಿತ್ತು.' ಪೂರ್ತಿ ಅಂಕ ಕೊಟ್ಟೆ.